ಚಳಿಗಾಲದ ಹಕ್ಕಿಗಳೂ ದಿನದ ಪಟ್ಟಿಯೂ



ಮಾರ್ಗಶಿರ, ಪುಷ್ಯ ಮಾಸಗಳ ಮುಂಜಾವಿನಲ್ಲಿ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಗಾಳಿಸೇವನೆಗೆ ಹೋಗುವವರು ಅನೇಕರು. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆದ ಈ ಕೆರೆಯಲ್ಲಿ ಹೆಜ್ಜಾರ್ಲೆ, ನೀರುಕಾಗೆ, ಮಿಂಚುಳ್ಳಿಗಳು ಅವರ ಕಣ್ಣಿಗೆ ಬೀಳದೆ ಇರವು. ಆದರೆ ಮನೆಗೆ ಮರಳಿದ ಮೇಲೆ, ಯಾವ ಹಕ್ಕಿಗಳನ್ನು ಕಂಡಿರಿ, ಎಷ್ಟನ್ನು ಕಂಡಿರಿ ಎಂದು ಕೇಳಿದರೆ ಉತ್ತರ ಹೇಳಬಲ್ಲವರು ವಿರಳ. ಒಂದು ಕಿರುಪುಸ್ತಕ, ಒಂದು ಸೀಸದಕಡ್ಡಿ, ಇವೆರಡಿದ್ದರೆ ಈ ಕೊರತೆ ನೀಗುವುದು.

ಚಳಿಗಾಲವೇ ಏತಕ್ಕೆ? ಆಗ ನಮ್ಮ ನೆಲಕ್ಕೆ ಅತಿಥಿಗಳು ಬರುತ್ತಾರೆ. ಹಕ್ಕಿಗಳು ಚಳಿಗೆ ಹೆದರಿ ಬರುವುವೆಂದು ಜನರು ತಿಳಿದಿರುವುದುಂಟು. ಗರಿಯ ಹೊದಿಕೆಯುಳ್ಳ ಪ್ರಾಣಿಗೆ ಚಳಿಗಿಂತ ಹಸಿವು ದೊಡ್ಡ ಶತ್ರು. ಉತ್ತರದ ನೀರು ಹೆಪ್ಪುಗಟ್ಟಿ, ಹುಲ್ಲು ಹಿಮದಡಿ ಹುದುಗಿದಾಗ ಅವು ದಕ್ಷಿಣಕ್ಕೆ ಹೊರಡುತ್ತವೆ. ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಬರುವ ಪಟ್ಟೆತಲೆಯ ಹೆಬ್ಬಾತನ್ನು ನೋಡಿ. ಬಿಳಿಯ ತಲೆಯ ಹಿಂದೆ ಎರಡು ಕರಿಯ ಪಟ್ಟೆ. ಅದೇ ಅದರ ಗುರುತು. ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದಲ್ಲಿ ಕಂಡುಬಂದಿವೆ. ಅಂದರೆ ಅವು ಹಿಮಾಲಯವನ್ನೇ ದಾಟಿ ಬಂದಂತಾಯಿತು!

ಪಟ್ಟಿಯ ಕ್ರಮ ಸರಳ. ದಿನವೂ ಅದೇ ದಾರಿ, ಅದೇ ವೇಳೆ, ಸಾಧ್ಯವಾದಷ್ಟೂ ಅಷ್ಟೇ ಹೊತ್ತು. ಕಂಡ ಸ್ಥಳದಲ್ಲಿಯೇ ಬರೆಯತಕ್ಕದ್ದು. ನೆನಪು ಬಹಳ ಉದಾರಿ, ಕಾಣದ್ದನ್ನೂ ಸೇರಿಸಿಬಿಡುತ್ತದೆ. ಗುರುತು ಸಿಗದಿದ್ದರೆ, ಗುಬ್ಬಿಗಿಂತ ದೊಡ್ಡದೋ, ಕಾಗೆಗಿಂತ ಸಣ್ಣದೋ, ಕೊಕ್ಕು ಹೇಗೆ, ಬಾಲ ಹೇಗೆ ಎಂದು ಗುರುತುಹಾಕಿದರೆ ಸಾಕು. ಹಿಂಡು ದೊಡ್ಡದಾದರೆ ಹತ್ತನ್ನು ಎಣಿಸಿ, ಅಂತಹ ಹತ್ತುಗಳು ಎಷ್ಟಿವೆಯೆಂದು ಅಂದಾಜು ಮಾಡಬೇಕು. ಕಾಗೆ, ಗೊರವಂಕಗಳನ್ನು ಬಿಡಬಾರದು. ಅಪರೂಪದ ಹಕ್ಕಿಯನ್ನು ಯಾರಾದರೂ ಬರೆದಿಡುತ್ತಾರೆ. ಸಾಮಾನ್ಯವಾದುದು ಕಡಿಮೆಯಾಗುತ್ತ ಬಂದಾಗ ಸಾಕ್ಷಿ ಹೇಳುವವರೇ ಇರುವುದಿಲ್ಲ.

ಇಂತಹ ಸಾಕ್ಷ್ಯಕ್ಕೆ ಬೆಲೆಯುಂಟೆ? 1900ನೆಯ ಕ್ರಿಸ್‌ಮಸ್ ದಿನ ಉತ್ತರ ಅಮೆರಿಕದಲ್ಲಿ ಫ್ರಾಂಕ್ ಚಾಪ್ಮನ್ ಎಂಬವರ ಸಲಹೆಯಂತೆ 27 ಮಂದಿ, ಹಬ್ಬದ ಬೇಟೆಗೆ ಬದಲಾಗಿ ಹಕ್ಕಿಗಳನ್ನು ಎಣಿಸಿದರು. ಆ ಎಣಿಕೆ ಇಂದಿಗೂ ನಡೆದಿದೆ. ನಮ್ಮ ದೇಶದಲ್ಲಿ 2023ರಲ್ಲಿ ಹೊರಬಂದ ಪಕ್ಷಿಸ್ಥಿತಿಯ ವರದಿಗೆ 30,000ಕ್ಕೂ ಮಿಕ್ಕಿದ ಹವ್ಯಾಸಿಗಳ ಪಟ್ಟಿಗಳೇ ಆಧಾರ. 942 ಜಾತಿಗಳನ್ನು ಅದರಲ್ಲಿ ಪರಿಶೀಲಿಸಿದ್ದಾರೆ. ಅವರಲ್ಲಿ ಬಹುಮಂದಿ ವಿಜ್ಞಾನಿಗಳಲ್ಲ, ನಮ್ಮ ನಿಮ್ಮಂತಹವರು. ಕೆರೆಯೊಂದು ಬತ್ತಿದಾಗ, ಅಲ್ಲಿ ಮೊದಲು ಏನಿತ್ತೆಂದು ಕೇಳುವವರಿಗೆ ತೋರಿಸಲು ಇಂತಹ ಹಾಳೆಯಲ್ಲದೆ ಬೇರೇನೂ ಇರಲಾರದು.

ಇನ್ನೊಂದು ಮಾತು. ಅತಿಥಿ ಬಂದ ದಿನವನ್ನು ಯಾರೂ ಹೇಳಬಲ್ಲರು. ಹೋದ ದಿನವನ್ನು ಹೇಳುವುದು ಕಷ್ಟ. ಬಾಲ ಕುಣಿಸುತ್ತ ನೀರಂಚಿನಲ್ಲಿ ಓಡಾಡುವ ಬೂದು ಸಿಪಿಲೆ ಇಂದು ಕಾಣಲಿಲ್ಲ, ನಾಳೆಯೂ ಕಾಣಲಿಲ್ಲ, ಕೊನೆಗೆ ಕಂಡುದು ಯಾವಾಗ? ದಿನದಿನದ ಪಟ್ಟಿಯುಳ್ಳವರು ಮಾತ್ರ ಹಾಳೆ ಹಿಂದಕ್ಕೆ ತಿರುವಿ ತಿಥಿಯನ್ನು ಹೇಳಬಲ್ಲರು. ಆದಕಾರಣ ಯುಗಾದಿ ಕಳೆದು ಬಿಸಿಲೇರಿದರೂ ಏಪ್ರಿಲ್ ಮುಗಿಯುವ ತನಕ ಪುಸ್ತಕವನ್ನು ಮುಚ್ಚದಿರಿ.