ಖಾಸಗಿ ವಾಹನಗಳ ವಾರ್ಷಿಕ ಸಂಚಾರ ದೂರ: ವಾಹನ ಮಾಲೀಕರ ಮತ್ತು ಅರ್ಜಿದಾರರ ಮಾಹಿತಿಗಾಗಿ

ಖಾಸಗಿ ವಾಹನವೊಂದು ವರ್ಷದಲ್ಲಿ ಎಷ್ಟು ಕಿ.ಮೀ. ಸಂಚರಿಸುತ್ತದೆ ಎಂಬ ಅಂಶವನ್ನು ತೆರಿಗೆ ನಿಗದಿಗಾಗಲೀ ನೋಂದಣಿಯ ಅವಧಿಗಾಗಲೀ ಪರಿಗಣಿಸಲಾಗುವುದಿಲ್ಲ. ಕರ್ನಾಟಕದಲ್ಲಿ ಕಾರಿನ ಜೀವಾವಧಿ ತೆರಿಗೆಯು ಅದರ ಬೆಲೆಯನ್ನು ಹಾಗೂ ಹಳೆಯ ವಾಹನವಾದಲ್ಲಿ ಅದರ ವಯಸ್ಸನ್ನು ಅವಲಂಬಿಸಿರುತ್ತದೆ. ಮೋಟಾರು ವಾಹನಗಳ ಅಧಿನಿಯಮ, 1988ರ ಮೇರೆಗೆ ಖಾಸಗಿ ವಾಹನದ ನೋಂದಣಿಯು 15 ವರ್ಷಗಳ ಕಾಲ ಸಿಂಧುವಾಗಿರುತ್ತದೆ. ಈ ಅವಧಿಯಲ್ಲಿ 50,000 ಕಿ.ಮೀ. ಓಡಿದ ಕಾರಿಗೂ 3 ಲಕ್ಷ ಕಿ.ಮೀ. ಓಡಿದ ಕಾರಿಗೂ ನವೀಕರಣದ ದಿನ ಒಂದೇ ಆಗಿರುತ್ತದೆ. ಆದರೆ ವಿಮೆ, ದುರಸ್ತಿ, ಸುರಕ್ಷತೆ ಮತ್ತು ಹಳೆಯ ವಾಹನದ ಖರೀದಿಯ ವಿಷಯದಲ್ಲಿ ಸಂಚರಿಸಿದ ದೂರವೇ ಮುಖ್ಯವಾಗುವುದರಿಂದ, ಅದರ ಲೆಕ್ಕವನ್ನು ಮಾಲೀಕರೇ ಇಟ್ಟುಕೊಳ್ಳಬೇಕಾಗುತ್ತದೆ.

ದೂರವು ಏಕೆ ಭಿನ್ನವಾಗಿರುತ್ತದೆ?

ಮನೆ ಮತ್ತು ಕೆಲಸದ ಸ್ಥಳದ ನಡುವಣ ಅಂತರವೇ ಇದಕ್ಕೆ ಪ್ರಮುಖ ಕಾರಣ. ಕಛೇರಿಯಿಂದ 5 ಕಿ.ಮೀ. ದೂರದಲ್ಲಿ ವಾಸಿಸುವವರು ವರ್ಷಕ್ಕೆ 280 ದಿನ ಕಾರಿನಲ್ಲಿ ಹೋಗಿಬಂದರೆ ಒಟ್ಟು 2,800 ಕಿ.ಮೀ. ಆಗುತ್ತದೆ. ತುಮಕೂರಿನಲ್ಲಿದ್ದು ಬೆಂಗಳೂರಿಗೆ, ಅಂದರೆ ಸುಮಾರು 70 ಕಿ.ಮೀ. ದೂರಕ್ಕೆ, ಪ್ರತಿದಿನ ಕಾರಿನಲ್ಲಿಯೇ ಹೋಗಿಬರುವವರಿಗೆ ಅಷ್ಟೇ ದಿನಗಳಲ್ಲಿ 39,200 ಕಿ.ಮೀ. ಆಗುತ್ತದೆ. ಇಬ್ಬರ ಸಂಬಳ, ಕುಟುಂಬ, ಕಾರಿನ ಮಾದರಿ ಎಲ್ಲವೂ ಒಂದೇ ಆಗಿದ್ದರೂ ದೂರ 14 ಪಟ್ಟು ವ್ಯತ್ಯಾಸವಾಗುತ್ತದೆ. ಹಬ್ಬಕ್ಕೂ ಮದುವೆಗೂ ಊರಿಗೆ ಹೋಗಿಬರುವ ಪ್ರಯಾಣವು ದೊಡ್ಡದೆಂದು ತೋರಿದರೂ ಒಟ್ಟು ಲೆಕ್ಕದಲ್ಲಿ ಅದರ ಪಾಲು ಅಷ್ಟಾಗಿರುವುದಿಲ್ಲ. ಬೆಂಗಳೂರಿನಿಂದ ಸುಮಾರು 400 ಕಿ.ಮೀ. ದೂರದ ಹುಬ್ಬಳ್ಳಿಗೆ ವರ್ಷದಲ್ಲಿ ನಾಲ್ಕು ಬಾರಿ ಹೋಗಿಬಂದರೂ 3,200 ಕಿ.ಮೀ. ಮಾತ್ರ ಆಗುತ್ತದೆ.

ಜನರು ಪ್ರಯಾಣವನ್ನು ಅಳೆಯುವುದು ಕಿಲೋಮೀಟರಿನಿಂದಲ್ಲ, ಗಂಟೆಯಿಂದ. ರಸ್ತೆ ಸುಧಾರಿಸಿ ವೇಗ ಹೆಚ್ಚಿದಾಗ ಉಳಿದ ಸಮಯದ ಒಂದು ಭಾಗವು ಇನ್ನಷ್ಟು ಪ್ರಯಾಣಕ್ಕೇ ವಿನಿಯೋಗವಾಗುವುದು ಸಾಮಾನ್ಯ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯಂತಹ ರಸ್ತೆಯಿಂದಾಗಿ, ಮೊದಲು ತಂಗಿ ಬರುತ್ತಿದ್ದ ಊರಿಗೆ ಅದೇ ದಿನ ಹೋಗಿಬರುವುದು ಸುಲಭವಾಗುತ್ತದೆ. ಹೋಗುವ ಬಾರಿಗಳೂ ಹೆಚ್ಚುತ್ತವೆ.

ಸಾರ್ವಜನಿಕ ಸಾರಿಗೆಯ ಲಭ್ಯತೆ ಮತ್ತೊಂದು ಕಾರಣ. ಬೆಂಗಳೂರಿನ ಮೆಟ್ರೋ ನೇರಳೆ ಮಾರ್ಗವು 2023ರ ಅಕ್ಟೋಬರ್‌ನಲ್ಲಿ ವೈಟ್‌ಫೀಲ್ಡ್‌ವರೆಗೆ ಪೂರ್ಣಗೊಂಡ ನಂತರ, ನಿಲ್ದಾಣದ ಸಮೀಪದಲ್ಲಿರುವ ಉದ್ಯೋಗಿಗಳಿಗೆ ಕಾರನ್ನು ಮನೆಯಲ್ಲಿಯೇ ಬಿಟ್ಟು ಹೋಗುವ ಅವಕಾಶ ದೊರೆಯಿತು. ಇದಕ್ಕೆ ವಿರುದ್ಧವಾಗಿ ಕೊಡಗು ಜಿಲ್ಲೆಗೆ ರೈಲು ಸಂಪರ್ಕವೇ ಇಲ್ಲ. ಮಡಿಕೇರಿಯವರು ದೊಡ್ಡ ಆಸ್ಪತ್ರೆಗಾಗಿ ಮೈಸೂರು ಅಥವಾ ಮಂಗಳೂರಿಗೆ ರಸ್ತೆಯಲ್ಲಿಯೇ ಹೋಗಬೇಕು. ಮಲೆನಾಡಿನಲ್ಲಿ ಋತುಮಾನವೂ ದೂರವನ್ನು ಬದಲಿಸುತ್ತದೆ: ಭೂಕುಸಿತದಿಂದ ಶಿರಾಡಿ ಘಾಟಿಯಲ್ಲಿ ಸಂಚಾರ ನಿಂತಾಗ ವಾಹನಗಳು ಚಾರ್ಮಾಡಿ ಅಥವಾ ಸಂಪಾಜೆಯ ಮೂಲಕ ಸುತ್ತಿ ಬರುತ್ತವೆ. ಬಂಡೀಪುರ ಅರಣ್ಯದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿರ್ಬಂಧವಿರುವುದರಿಂದ, ಆ ವೇಳೆಯಲ್ಲಿ ವಯನಾಡಿಗೆ ಹೋಗಬೇಕಾದವರು ಹುಣಸೂರು, ಗೋಣಿಕೊಪ್ಪ, ಕುಟ್ಟದ ಸುತ್ತು ಮಾರ್ಗವನ್ನು ಹಿಡಿಯಬೇಕಾಗುತ್ತದೆ.

ಮನೆಯಲ್ಲಿ ಕಾರಿನೊಡನೆ ದ್ವಿಚಕ್ರ ವಾಹನವೂ ಇದ್ದರೆ ತರಕಾರಿ, ಔಷಧ, ಶಾಲೆ ಮುಂತಾದ ಸಣ್ಣ ಓಡಾಟಗಳೆಲ್ಲ ಅದರ ಪಾಲಿಗೆ ಸೇರಿ, ಕಾರು ವಾರದ ಬಹುಪಾಲು ನಿಂತಿರುತ್ತದೆ. ಡೀಸೆಲ್ ಕಾರುಗಳು ಹೆಚ್ಚು ದೂರ ಓಡಿರುವುದನ್ನು ಕಂಡು, ಇಂಧನ ಅಗ್ಗವಾದ್ದರಿಂದ ಜನರು ಹೆಚ್ಚು ಓಡಿಸುತ್ತಾರೆಂದು ಹೇಳುವುದುಂಟು. ಇದು ಅರ್ಧ ಸತ್ಯ. ಹೆಚ್ಚು ಓಡಾಟವಿರುವವರೇ ಖರೀದಿಯ ಹೆಚ್ಚುವರಿ ವೆಚ್ಚವನ್ನು ಸಹಿಸಿ ಡೀಸೆಲ್ ವಾಹನವನ್ನು ಆರಿಸಿಕೊಂಡಿರುತ್ತಾರೆ.

ಚಾಲಕರ ವಯಸ್ಸು ಮತ್ತು ಉದ್ಯೋಗದ ಪ್ರಭಾವವೂ ಕಡಿಮೆಯಲ್ಲ. ಅಮೆರಿಕದ ಫೆಡರಲ್ ಹೆದ್ದಾರಿ ಆಡಳಿತವು ಪ್ರಕಟಿಸಿದ ಪಟ್ಟಿಯೊಂದರಲ್ಲಿ ಚಾಲಕರ ವಾರ್ಷಿಕ ಸರಾಸರಿ 13,476 ಮೈಲಿ, ಅಂದರೆ ಸುಮಾರು 21,700 ಕಿ.ಮೀ. ಎಂದಿದೆ. ಅದೇ ಪಟ್ಟಿಯಲ್ಲಿ ಪುರುಷರ ಸರಾಸರಿ 16,550 ಮೈಲಿ, ಮಹಿಳೆಯರದು 10,142 ಮೈಲಿ, 65 ವರ್ಷ ಮೀರಿದವರದು 7,646 ಮೈಲಿ. ಬಹಳಷ್ಟು ಊರುಗಳಲ್ಲಿ ಕಾರಿಲ್ಲದೆ ಅಂಗಡಿಗೂ ಹೋಗಲಾಗದ ದೇಶದ ಅಂಕಿಗಳಿವು. ಇವನ್ನು ಇಲ್ಲಿನ ಮಾಲೀಕರು ತಮಗೆ ಅನ್ವಯಿಸಿಕೊಳ್ಳುವುದು ಸೂಕ್ತವಲ್ಲ. ಸರಾಸರಿಯೊಂದರ ಒಳಗೆ ಎಷ್ಟು ಅಂತರ ಅಡಗಿರುತ್ತದೆ ಎಂಬುದಕ್ಕೆ ಮಾತ್ರ ಇವು ಉದಾಹರಣೆ.

ದೂರ ಕಡಿಮೆಯಾದರೆ ಸವೆತವೂ ಕಡಿಮೆಯೇ?

ಯಾವಾಗಲೂ ಅಲ್ಲ. ನಗರದ ದಟ್ಟಣೆಯಲ್ಲಿ ಒಂದು ಗಂಟೆಗೆ 15 ಕಿ.ಮೀ. ಸಾಗಿದ ಕಾರಿನ ಎಂಜಿನ್, ಹೆದ್ದಾರಿಯಲ್ಲಿ ಒಂದು ಗಂಟೆಗೆ 60 ಕಿ.ಮೀ. ಸಾಗಿದ ಕಾರಿನ ಎಂಜಿನ್‌ನಷ್ಟೇ ಹೊತ್ತು ಕೆಲಸ ಮಾಡಿರುತ್ತದೆ. ಕ್ಲಚ್ ಮತ್ತು ಬ್ರೇಕುಗಳ ಬಳಕೆಯಂತೂ ಇನ್ನೂ ಹೆಚ್ಚು. ಟ್ರ್ಯಾಕ್ಟರಿನ ದುಡಿಮೆಯನ್ನು ಗಂಟೆಗಳಲ್ಲಿ ಅಳೆಯುವುದು ಈ ಕಾರಣದಿಂದಲೇ. ನಿಂತೇ ಇರುವ ವಾಹನದಲ್ಲಿಯೂ ಬ್ಯಾಟರಿ ಇಳಿಯುತ್ತದೆ, ಟೈರಿನ ರಬ್ಬರು ಗಡುಸಾಗುತ್ತದೆ, ಬ್ರೇಕ್ ದ್ರವವು ತೇವಾಂಶವನ್ನು ಹೀರುತ್ತದೆ. ಆದುದರಿಂದ ತಯಾರಕರು ಸರ್ವೀಸಿಗೆ ಕಿ.ಮೀ. ಮತ್ತು ತಿಂಗಳು ಎರಡನ್ನೂ ಸೂಚಿಸಿ, ಯಾವುದು ಮೊದಲೋ ಅದನ್ನು ಪಾಲಿಸುವಂತೆ ತಿಳಿಸಿರುತ್ತಾರೆ.

ನೋಂದಣಿ ನವೀಕರಣ ಬಯಸುವವರು ಈ ಅಂಶವನ್ನು ವಿಶೇಷವಾಗಿ ಗಮನಿಸುವುದು. ನಿವೃತ್ತರ ಮನೆಯಲ್ಲಿ 15 ವರ್ಷಗಳಲ್ಲಿ ಕೆಲವೇ ಸಾವಿರ ಕಿ.ಮೀ. ಓಡಿದ ಕಾರಿಗೂ ತಪಾಸಣೆಯಿಂದ ವಿನಾಯಿತಿ ಇರುವುದಿಲ್ಲ. ಅವಧಿ ಮುಗಿಯುವ ಮುನ್ನಿನ 60 ದಿನಗಳೊಳಗೆ ನಮೂನೆ 25ರಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ತಪಾಸಣೆಯಲ್ಲಿ ವಾಹನವು ಯೋಗ್ಯವೆಂದು ಕಂಡುಬಂದಲ್ಲಿ ನೋಂದಣಿಯನ್ನು 5 ವರ್ಷಗಳಿಗೆ ನವೀಕರಿಸಲಾಗುವುದು.

ಹಳೆಯ ವಾಹನ ಖರೀದಿಸುವವರಿಗೆ

ನೋಂದಣಿ ಪ್ರಮಾಣಪತ್ರದಲ್ಲಿ ಸಂಚರಿಸಿದ ದೂರದ ನಮೂದು ಇರುವುದಿಲ್ಲ. ಓಡೋಮೀಟರನ್ನು ಹಿಂದಕ್ಕೆ ತಿರುಗಿಸಿ ಮಾರುವ ವಂಚನೆಗೆ ಈ ಕೊರತೆಯು ಅನುಕೂಲವಾಗಿ ಪರಿಣಮಿಸಿದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವ ನಿಯಮಗಳ ಮೇರೆಗೆ, ನೋಂದಾಯಿತ ವಾಹನಗಳ ಅಧಿಕೃತ ಮಾರಾಟಗಾರರು ತಮ್ಮ ಸ್ವಾಧೀನದಲ್ಲಿರುವ ವಾಹನದ ಪ್ರತಿ ಓಡಾಟದ ಉದ್ದೇಶ, ಚಾಲಕ, ಸಮಯ ಮತ್ತು ದೂರವನ್ನು ವಿದ್ಯುನ್ಮಾನ ವಹಿಯಲ್ಲಿ ದಾಖಲಿಸಬೇಕಾಗಿದೆ. ಆದರೆ ವಾಹನವು ಅವರ ಕೈಸೇರುವ ಮುನ್ನ ಓಡಿದ ದೂರಕ್ಕೆ ಈ ವಹಿ ಸಾಕ್ಷಿಯಾಗದು.

ಆದಕಾರಣ ಮೀಟರಿನ ಅಂಕಿಯನ್ನು ಮಾರುವವರ ಜೀವನಕ್ರಮದೊಡನೆ ಹೋಲಿಸಿ ನೋಡುವುದು ಒಳ್ಳೆಯದು. ಹತ್ತು ವರ್ಷದ ಕಾರಿನಲ್ಲಿ 40,000 ಕಿ.ಮೀ. ಎಂದಿದ್ದರೆ ವರ್ಷಕ್ಕೆ 4,000 ಕಿ.ಮೀ. ಆಯಿತು. ಕಛೇರಿಯ ಪಕ್ಕದಲ್ಲಿ ಮನೆಯಿದ್ದವರಿಗೆ ಇದು ಸಹಜ. ಪ್ರತಿದಿನ 30 ಕಿ.ಮೀ. ದೂರದ ಕಾರ್ಖಾನೆಗೆ ಅದೇ ಕಾರಿನಲ್ಲಿ ಹೋಗಿಬರುತ್ತಿದ್ದವರಿಗೆ ಅಸಾಧ್ಯ. ಸರ್ವೀಸ್ ಬಿಲ್ಲುಗಳಲ್ಲಿ ದಿನಾಂಕದೊಡನೆ ಮೀಟರಿನ ಅಂಕಿಯೂ ಇರುವುದರಿಂದ, ಅವುಗಳನ್ನು ವರ್ಷಾನುಕ್ರಮವಾಗಿ ಪರಿಶೀಲಿಸಬೇಕು. ಅಂಕಿ ಸಣ್ಣದಿದ್ದು ಪೆಡಲ್, ಸ್ಟೀರಿಂಗ್ ಮತ್ತು ಚಾಲಕರ ಆಸನ ಬಹಳ ಸವೆದಿದ್ದಲ್ಲಿ ಕಾರಣ ಕೇಳುವುದು ಅವಶ್ಯ.

ವಿಮೆ

ಕಡ್ಡಾಯವಾದ ಮೂರನೇ ವ್ಯಕ್ತಿ ವಿಮೆಯ ಮೂಲ ಕಂತು ಪೆಟ್ರೋಲ್, ಡೀಸೆಲ್ ಕಾರುಗಳಲ್ಲಿ ಎಂಜಿನ್ನಿನ ಸಾಮರ್ಥ್ಯವನ್ನು ಆಧರಿಸಿದೆ, ದೂರವನ್ನಲ್ಲ. ಸ್ವಂತ ಹಾನಿಯ ವಿಮೆಯಲ್ಲಿ ಮಾತ್ರ, ಓಡಿಸಿದಷ್ಟಕ್ಕೆ ಕಂತು ತೆರುವ ಐಚ್ಛಿಕ ಸೌಲಭ್ಯಕ್ಕೆ ವಿಮಾ ನಿಯಂತ್ರಣ ಪ್ರಾಧಿಕಾರವು 2022ರ ಜುಲೈನಲ್ಲಿ ಅವಕಾಶ ನೀಡಿತು. ಇದನ್ನು ಆರಿಸಿಕೊಳ್ಳುವವರು ಮುಂದಿನ ವರ್ಷದ ದೂರವನ್ನು ಊಹೆಯಿಂದ ತಿಳಿಸಬಾರದು. ಪ್ರತಿ ವರ್ಷ ಪಾಲಿಸಿ ನವೀಕರಿಸುವ ದಿನ ಮೀಟರಿನ ಅಂಕಿಯನ್ನು ಬರೆದಿಟ್ಟು, ಹಿಂದಿನ ವರ್ಷದ ಅಂಕಿಯನ್ನು ಅದರಿಂದ ಕಳೆದರೆ ಸರಿಯಾದ ದೂರ ಸಿಗುತ್ತದೆ. ವರ್ಗಾವಣೆ, ಮನೆ ಬದಲಾವಣೆ ಅಥವಾ ಮಕ್ಕಳ ಶಾಲೆಯ ಬದಲಾವಣೆ ನಿರೀಕ್ಷೆಯಲ್ಲಿದ್ದರೆ ಆ ದೂರವನ್ನೂ ಸೇರಿಸಬೇಕು. ಘೋಷಿಸಿದ ಮಿತಿಯನ್ನು ದಾಟಿದ ನಂತರ ಅಪಘಾತವಾದಲ್ಲಿ ಪರಿಹಾರ ಹೇಗೆ ನಿರ್ಧಾರವಾಗುತ್ತದೆ, ನಡುವೆ ಮಿತಿಯನ್ನು ಹೆಚ್ಚಿಸಿಕೊಳ್ಳಬಹುದೇ ಎಂಬ ಷರತ್ತುಗಳು ಕಂಪನಿಯಿಂದ ಕಂಪನಿಗೆ ಬೇರೆಯಾಗಿರುತ್ತವೆ. ಹಣ ಪಾವತಿಸುವ ಮುನ್ನ ಇವನ್ನು ಪಾಲಿಸಿ ಪತ್ರದಲ್ಲಿಯೇ ಓದಿಕೊಳ್ಳತಕ್ಕದ್ದು.