ಶ್ವಾಸಕೋಶದ ಕ್ಯಾನ್ಸರ್: ನಾವು ಕೊಡುವ ಹಣದಿಂದ ಏನಾಗುತ್ತದೆ?



ನಮ್ಮ ಜವಳಗೇರಾದ ಬೀಜದ ಫಾರಂ ನಿಮಗೆ ಗೊತ್ತು. ಒಳ್ಳೆಯ ತಳಿ ಒಂದೇ ವರ್ಷಕ್ಕೆ ಕೈಗೆ ಬರುವುದಿಲ್ಲ. ವರ್ಷಗಟ್ಟಲೆ ಪರೀಕ್ಷೆ ನಡೆಯಬೇಕು, ಅದಕ್ಕೆ ಹಣ ಬೇಕು. ರೋಗದ ಸಂಶೋಧನೆಯೂ ಹಾಗೆಯೇ. 1950ರಲ್ಲಿ ಇಂಗ್ಲೆಂಡಿನ ಡಾಲ್ ಮತ್ತು ಹಿಲ್ ನೂರಾರು ರೋಗಿಗಳನ್ನು ವಿಚಾರಿಸಿ, ಧೂಮಪಾನಕ್ಕೂ ಶ್ವಾಸಕೋಶದ ಕ್ಯಾನ್ಸರಿಗೂ ಇರುವ ನಂಟನ್ನು ತೋರಿಸಿದರು. ಬೀಡಿಯೂ ಇದಕ್ಕೆ ಹೊರತಲ್ಲ.

ಮುಂಬಯಿಯಲ್ಲಿ 1951ರಲ್ಲಿ ಹುಟ್ಟಿದ ಇಂಡಿಯನ್ ಕ್ಯಾನ್ಸರ್ ಸೊಸೈಟಿಯು ದಾನದ ಹಣದಿಂದ ಜನರಿಗೆ ತಿಳಿವಳಿಕೆ ಕೊಡುತ್ತದೆ, ತಪಾಸಣೆ ನಡೆಸುತ್ತದೆ, ಬಡರೋಗಿಗಳ ಚಿಕಿತ್ಸೆಗೆ ನೆರವಾಗುತ್ತದೆ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ಚಿಕಿತ್ಸೆಯ ಜೊತೆಗೆ ಸಂಶೋಧನೆಯನ್ನೂ ಮಾಡುತ್ತಿದೆ.

ಆದುದರಿಂದ ಬೀಡಿ ಬಿಡಿ. ಉಳಿದ ಹಣದಲ್ಲಿ ಸ್ವಲ್ಪವನ್ನು ಇಂಥ ಸಂಸ್ಥೆಗೆ ಕೊಟ್ಟು ರಸೀದಿ ಪಡೆಯಿರಿ. ಕೆಮ್ಮು ಎರಡು ವಾರ ಮೀರಿದರೆ, ಕಫದಲ್ಲಿ ರಕ್ತ ಕಂಡರೆ, ತಡಮಾಡದೆ ಆಸ್ಪತ್ರೆಗೆ ಹೋಗಿರಿ. ರೋಗ ಬೇಗ ತಿಳಿದಷ್ಟೂ ಬದುಕುವ ಆಸೆ ಹೆಚ್ಚು.