ಕೆಂಪು ಕಲ್ಲಿನ ಒಳಗೆ

ಸಾಣೆಗೆ ಬಳಸುವ ಕುರುಂದದ ಕಲ್ಲು, ಮದುವೆಯ ಒಡವೆಯಲ್ಲಿ ಕೂರಿಸುವ ಮಾಣಿಕ್ಯ, ಎರಡೂ ಒಂದೇ ಖನಿಜ. ಅಲ್ಯೂಮಿನಿಯಂ ಮತ್ತು ಆಮ್ಲಜನಕ ಕೂಡಿ ಆದದ್ದು. ಹಳೇ ಮೈಸೂರು ಸೀಮೆಯ ನೆಲದಲ್ಲೂ ಕುರುಂದ ಸಿಗುತ್ತದೆ. ಆದರೆ ಹೆಚ್ಚಿನದು ಮಬ್ಬು ಬಣ್ಣದ, ಬೆಳಕು ಹಾಯದ ಕಲ್ಲು. ಉಜ್ಜುವ, ಮಸೆಯುವ ಕೆಲಸಕ್ಕಷ್ಟೇ ಒದಗುತ್ತದೆ. ಶುದ್ಧ ಕುರುಂದಕ್ಕೆ ಬಣ್ಣವೇ ಇಲ್ಲ. ತುಸು ಕ್ರೋಮಿಯಂ ಬೆರೆತರೆ ಕೆಂಪು. ಕಬ್ಬಿಣ, ಟೈಟೇನಿಯಂ ಜೊತೆಯಾಗಿ ಸೇರಿದರೆ ನೀಲ. ಗಡಸುತನದ ಮೋಸ್ ಮಾಪಕದಲ್ಲಿ ಇದರ ಸ್ಥಾನ 9. ದೂಳಿನಲ್ಲಿರುವ ಮರಳಿನ ಕಣಕ್ಕೆ 7. ವರ್ಷಗಟ್ಟಲೆ ಬೆರಳಲ್ಲಿದ್ದರೂ ಕೆಂಪಿನ ಹೊಳಪು ಮಾಸದಿರುವುದು ಅದಕ್ಕೇ.

ಬಣ್ಣ ನೋಡಿ ಕಲ್ಲು ಗುರುತಿಸಲು ಹೊರಟವರಲ್ಲಿ ಅರಮನೆಯವರೂ ಮೋಸಹೋಗಿದ್ದಾರೆ. ಜಹಾಂಗೀರನ ಹೆಸರು ಕೊರೆದಿರುವ, 1739ರಲ್ಲಿ ನಾದಿರ್ ಷಾ ದೆಹಲಿಯಿಂದ ಹೊತ್ತೊಯ್ದ, ಕೊನೆಗೆ ಇಂಗ್ಲೆಂಡಿನ ಅರಮನೆ ಸೇರಿದ ‘ತೈಮೂರ್ ಮಾಣಿಕ್ಯ’ ಮಾಣಿಕ್ಯವೇ ಅಲ್ಲ, ಸ್ಪಿನೆಲ್ ಎಂಬ ಬೇರೆ ಖನಿಜ. ಬ್ರಿಟಿಷ್ ಕಿರೀಟದ ಮುಂಭಾಗದಲ್ಲಿರುವ ದೊಡ್ಡ ಕೆಂಪು ಕಲ್ಲೂ ಅದೇ. ಸ್ಪಿನೆಲ್‌ನಲ್ಲಿ ಮೆಗ್ನೀಸಿಯಂ ಕೂಡ ಇದೆ. ಅದು ಕೀಳು ಕಲ್ಲೇನಲ್ಲ. ನನ್ನ ಕಣ್ಣಿಗಂತೂ ಒಳ್ಳೆಯ ಸ್ಪಿನೆಲ್‌ನ ಕೆಂಪು ಮಾಣಿಕ್ಯಕ್ಕಿಂತ ತಿಳಿ. ಪತ್ತೆ ಹಚ್ಚುವ ದಾರಿ ಬೆಳಕಿನದು: ಮಾಣಿಕ್ಯದೊಳಗೆ ಹೊಕ್ಕ ಕಿರಣ ಎರಡಾಗಿ ಸೀಳುತ್ತದೆ, ಸ್ಪಿನೆಲ್‌ನಲ್ಲಿ ಸೀಳುವುದಿಲ್ಲ.

1902ರಲ್ಲಿ ಫ್ರಾನ್ಸಿನ ಆಗಸ್ಟ್ ವರ್ನೂಯಿ ತನ್ನ ವಿಧಾನ ಪ್ರಕಟಿಸಿದ ಮೇಲೆ ತೊಡಕು ಹೆಚ್ಚಿತು. ಉರಿಯುವ ಜ್ವಾಲೆಯೊಳಗಿಂದ ಅಲ್ಯೂಮಿನಾ ಪುಡಿಯನ್ನು ಉದುರಿಸಿ ಆತ ಮಾಣಿಕ್ಯವನ್ನೇ ಬೆಳೆಸಿದ. ಅದು ಗಾಜಲ್ಲ, ಗಡಸುತನ, ತೂಕ, ಬಣ್ಣ ಎಲ್ಲವೂ ಭೂಮಿಯದಕ್ಕೆ ಸಮ. ಕೈಗಡಿಯಾರಗಳ ಒಳಗಿನ ಕೆಂಪು ಹರಳುಗಳು ಈ ಬಗೆಯವು. ಭೂತಗನ್ನಡಿ ಹಿಡಿದರೆ ಮಾತ್ರ ಬೇರೆತನ ಕಾಣುತ್ತದೆ: ಜ್ವಾಲೆಯಲ್ಲಿ ಬೆಳೆದದ್ದರಲ್ಲಿ ಬಾಗಿದ ಗೆರೆ, ಗುಳ್ಳೆ, ನೆಲದಲ್ಲಿ ಬೆಳೆದದ್ದರಲ್ಲಿ ನೇರ ಗೆರೆ, ರೇಷ್ಮೆಯೆಳೆಯಂಥ, ರೂಟೈಲ್ ಎಂಬ ಖನಿಜದ ಸೂಜಿಗಳು. ಈ ಸೂಜಿಗಳು ಒತ್ತಾಗಿದ್ದು, ಕಲ್ಲನ್ನು ಗುಮ್ಮಟದ ಹಾಗೆ ಅರೆದರೆ ಆರು ಕಿರಣದ ನಕ್ಷತ್ರ ಮೂಡುತ್ತದೆ. ಒಂದು ಚುಕ್ಕೆಯೂ ಇಲ್ಲದ ದೊಡ್ಡ ಕೆಂಪು ಅಗ್ಗಕ್ಕೆ ಬಂದರೆ ಅನುಮಾನಿಸಲೇಬೇಕು.

ಬಣ್ಣ ತಿಳಿಯಾಗಲೆಂದು ಕಲ್ಲನ್ನು ಕಾಯಿಸುವುದು ವಾಡಿಕೆ. ಹೇಳಿ ಮಾರಿದರೆ ತಪ್ಪಿಲ್ಲ. ಬಿರುಕುಗಳಿಗೆ ಸೀಸದ ಗಾಜು ತುಂಬಿದ ಕಲ್ಲಿನ ಮಾತೇ ಬೇರೆ. ನಿಂಬೆರಸ ತಾಗಿದರೂ ಆ ಗಾಜು ಕೆಡುತ್ತದೆ, ಅಕ್ಕಸಾಲಿಗರ ಊದುಗೊಳವೆಯ ಉರಿಗಂತೂ ನಿಲ್ಲುವುದಿಲ್ಲ. ಕೊಳ್ಳುವಾಗ ಗಾಜು ತುಂಬಿದೆಯೇ ಎಂದು ಬಾಯಿಬಿಟ್ಟು ಕೇಳಿ, ಉತ್ತರವನ್ನು ಪ್ರಯೋಗಾಲಯದ ಪ್ರಮಾಣಪತ್ರದಲ್ಲಿ ಬರೆಸಿಕೊಳ್ಳಿ. ಉಂಗುರದ ಅಳತೆ ತಿದ್ದಿಸಲು ಕೊಡುವ ದಿನವೂ ಆ ಪತ್ರ ಜೊತೆಗಿರಲಿ.